ಮೂಲೆ ದೇವರ ಎಡಬಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಚನ್ನರಾಯಪಟ್ಟಣದಿಂದ ಹಾಸನದವರೆಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಕಂಪ್ಯೂಟರ್ ಮುಂದೆ ಕೂತು, ಬೇರೆ ಯಾರೋ ನಡೆದ ದಾರಿಯನ್ನು ಸಂಜೆವರೆಗೆ ತಿದ್ದುವ ಕೆಲಸ ಅವರಿಗೆ ಕೊಟ್ಟು ನೋಡಬೇಕು. ಅವರ ಮೂಗಿಗೂ ಬರುತ್ತದೆ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಮ್ಮನಿಗೆ ಇವತ್ತಿಗೂ ಅದು ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆಲ್ಲ "ನಮ್ಮುಡುಗಿ ಫಾರೆಸ್ಟ್‌ನಲ್ಲಿ ಕಂಪ್ಯೂಟ್ರು" ಅನ್ನುತ್ತಾಳೆ. ಕೇಳಿದವರು ನಾನು ಕಾಡಿನ ಮಧ್ಯೆ ಮೇಜು ಹಾಕಿಕೊಂಡು ಆನೆ ಎಣಿಸುತ್ತೇನೆ ಅಂದುಕೊಂಡು "ಹುಷಾರು ಕಣಮ್ಮ" ಅಂತ ಹೇಳಿ ಹೋಗುತ್ತಾರೆ. ಅಸಲಿಗೆ ನಾನು ಆನೆ ನೋಡಿರುವುದು ದಸರಾದಲ್ಲಿ ಮಾತ್ರ. ಅರಣ್ಯದವರು ಹತ್ತು ವರ್ಷಕ್ಕೊಂದು ಯೋಜನೆ ಬರೆಯುತ್ತಾರೆ. ಯಾವ ಕಾಡು ಎಲ್ಲಿಂದ ಎಲ್ಲಿಯವರೆಗೆ, ಒಳಗೆ ಏನೇನು ಮರ ಇದೆ, ಎಲ್ಲಿ ಹೊಸದಾಗಿ ನೆಡಬೇಕು, ಎಲ್ಲಿ ಕೈ ಹಾಕಬಾರದು, ಎಲ್ಲವೂ ಅದರಲ್ಲಿರಬೇಕು. ಹಿಂದೆ ಇದನ್ನೆಲ್ಲ ಬಟ್ಟೆಗೆ ಅಂಟಿಸಿದ ಕಾಗದದ ನಕ್ಷೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆಯುತ್ತಿದ್ದರಂತೆ. ಈಗ ಜಿಐಎಸ್, ಅಂದರೆ ಕಂಪ್ಯೂಟರಿನ ನಕ್ಷೆ, ಬಂದಿದೆ. ಕಾಡು ಕಾಯುವ ವಾಚರ್ ಒಬ್ಬರು ಕೈಯಲ್ಲಿ ಜಿಪಿಎಸ್ ಹಿಡಿದು ಕಾಡಿನ ಗಡಿಯ ಮೇಲೆ ನಡೆಯುತ್ತಾರೆ. ಅವರು ಇಟ್ಟ ಹೆಜ್ಜೆಯೆಲ್ಲ ನನ್ನ ಪರದೆಯ ಮೇಲೆ ಗೆರೆಯಾಗಿ ಬರುತ್ತದೆ. ಆ ಗೆರೆಯನ್ನು ಉಪಗ್ರಹದ ಚಿತ್ರದ ಮೇಲೆ ಕೂರಿಸಿ, ಸರಿ ಮಾಡಿ, ಎಷ್ಟು ಎಕರೆ ಅಂತ ಲೆಕ್ಕ ತೆಗೆದು ಕೊಡುವವಳು ನಾನು. ಗುತ್ತಿಗೆ ನೌಕರಿ.

ಈ ಗೆರೆ ಅನ್ನುವುದು ಸುಳ್ಳು ಹೇಳುವುದಿಲ್ಲ. ಅದೇ ಅದರ ತೊಂದರೆ. ವಾಚರ್ ಅಣ್ಣಂದಿರು ಜಿಪಿಎಸ್ ಆಫ್ ಮಾಡಲು ಮರೆತು ಮನೆಗೆ ಹೋಗುತ್ತಾರೆ, ಹಜಾಮತಿಗೆ ಹೋಗುತ್ತಾರೆ, ಬೀಗರ ಮನೆಯಲ್ಲಿ ಎರಡು ಗಂಟೆ ಕೂರುತ್ತಾರೆ. ಕಾಡು ಅವರ ಜೊತೆ ಊರೆಲ್ಲ ಸುತ್ತಿ ಬರುತ್ತದೆ. ಒಂದು ಸಲ ಮೀಸಲು ಅರಣ್ಯದ ಗಡಿಯೊಂದು ನೇರ ಹೋಗಿ ಮಾಂಸದಂಗಡಿಯ ಮುಂದೆ ಅರ್ಧ ಗಂಟೆ ನಿಂತಿತ್ತು. ಅದನ್ನೆಲ್ಲ ನಾನು ಅಳಿಸುತ್ತೇನೆ, ಯಾರಿಗೂ ಹೇಳುವುದಿಲ್ಲ.

ಆ ವರ್ಷ ಹೊಳೆನರಸೀಪುರದ ಕಡೆಯ ಕಾಡುಗಳು ಸಲೀಸಾಗಿ ಮುಗಿದವು. ಅರಕಲಗೂಡು ಕಡೆಯ ಒಂದು ಸಣ್ಣ ಕಾಡು ಮಾತ್ರ ನನ್ನ ಜೀವ ತಿಂದಿತು. ಇಪ್ಪತ್ತೆರಡು ಗಡಿಕಲ್ಲಿನ ಕಾಡು. ಗಡಿ ತಿರುಗುವ ಕಡೆಯಲ್ಲೆಲ್ಲ ನಂಬರು ಕೆತ್ತಿದ ಒಂದೊಂದು ಕಲ್ಲು ನೆಟ್ಟಿರುತ್ತಾರೆ, ವಾಚರ್ ಆ ಕಲ್ಲಿಂದ ಈ ಕಲ್ಲಿಗೆ ನಡೆದರೆ ಆಯಿತು. ಒಂದು ದಿನದ ಕೆಲಸ. ಗೆರೆ ಬಂತು. ಒಂದರಿಂದ ಹದಿನಾರನೇ ಕಲ್ಲಿನವರೆಗೆ ಚೆನ್ನಾಗಿಯೇ ಬಂದು, ಆಮೇಲೆ ಒಂದು ಮೂಲೆಯಲ್ಲಿ ಗಂಟು ಹಾಕಿಕೊಂಡಿತು. ಒಂದಲ್ಲ, ಮೂರು ಸುತ್ತು. ಗೆರೆ ತನ್ನನ್ನು ತಾನೇ ದಾಟಿದರೆ ಕಂಪ್ಯೂಟರ್ ಎಕರೆ ಲೆಕ್ಕ ಕೊಡುವುದಿಲ್ಲ, ಕೆಂಪಕ್ಷರದಲ್ಲಿ ಬೈಯುತ್ತದೆ. ಅದು ನನ್ನನ್ನು ಬೈಯಿತು, ನಾನು ವಾಚರಿಗೆ ಫೋನ್ ಮಾಡಿದೆ.

ಆ ವಾಚರ್ ಐವತ್ತು ದಾಟಿದವರು. ಇಪ್ಪತ್ತೆರಡು ವರ್ಷದಿಂದ ಅದೇ ಕಾಡು ಕಾಯುತ್ತಿರುವವರು, ಇಪ್ಪತ್ತೆರಡು ವರ್ಷದಿಂದಲೂ ದಿನಗೂಲಿ. ಪರ್ಮನೆಂಟ್ ಮಾಡುವ ಫೈಲು ಮೇಲಕ್ಕೆ ಹೋಗಿದೆ ಅಂತ ಪ್ರತಿ ವರ್ಷ ಯಾರಾದರೂ ಅವರಿಗೆ ಹೇಳುತ್ತಾರೆ.

"ಅಣ್ಣಾ, ಹದಿನಾರನೇ ಕಲ್ಲಾದ ಮೇಲೆ ಏನು ಮಾಡಿದ್ರಿ?"

"ಅದಿನೆಂಟಕ್ಕೆ ಓದೆ, ಮೇಡಮ್ಮೋರೆ."

"ಹದಿನೇಳು?"

"ಅದಿಲ್ಲ. ನಾನು ಕೆಲ್ಸಕ್ಕೆ ಸೇರ್ದಾಗ್ಲಿಂದ್ಲೂ ಇಲ್ಲ. ಯಾವನು ಕಿತ್ಕಂಡು ಓಗಿ ಬಟ್ಟೆ ಒಗೀತಾವ್ನೋ."

"ಇಲ್ಲದಿರೋ ಕಲ್ಲಿಗೆ ಮೂರು ಸುತ್ತು ಯಾಕೆ ಹೊಡೆದ್ರಿ ಮತ್ತೆ?"

"ಅಯ್ಯೋ, ಕಲ್ಲಿಗಲ್ಲ ಕಣವ್ವಾ! ಮೂಲೆ ದೇವ್ರಿಗೆ."

ಕಾಡಿನ ಮೂಲೆಯಲ್ಲಿ ದೇವರಿದೆಯಂತೆ. ಹೆಸರಿಲ್ಲ, ಮೂಲೆ ದೇವರು ಅಂತಲೇ ಕರೆಯುವುದು. ಆ ದಾರಿಯಲ್ಲಿ ಹೋದವರು ಮೂರು ಸುತ್ತು ಬರದೆ ಮುಂದೆ ಹೋಗುವ ಹಾಗಿಲ್ಲವಂತೆ. ನಾನು ದೇವರಿಗೆ ಏನೂ ಅನ್ನಲಿಲ್ಲ, ಜಿಪಿಎಸ್ಸಿನ ಬ್ಯಾಟರಿಗೆ, ಅದನ್ನು ಕಂಡುಹಿಡಿದವರಿಗೆ, ನನ್ನ ಹಣೆಬರಹಕ್ಕೆ ಅಂದೆ. ಅಣ್ಣ ಸಮಾಧಾನ ಮಾಡಿದರು. "ಕ್ವಾಪ ಮಾಡ್ಕಬ್ಯಾಡಿ. ನಾಳಿಕೆ ಇನ್ನೊಂದ್ಸಲ ನಡೀತೀನಿ. ಸುತ್ತು ಬರೋವಾಗ ನಿಮ್ ಮಿಸಿನ್ನು ಮರಕ್ಕೆ ನೇತಾಕ್ತೀನಿ ಬುಡಿ."

"ಹಾಗೇ ಮಾಡಿ. ಮತ್ತೆ ಈ ಸಲ ಇಪ್ಪತ್ತೆರಡನೇ ಕಲ್ಲಿಂದ ಶುರು ಮಾಡಿ, ಉಲ್ಟಾ ಬನ್ನಿ. ಎರಡು ಗೆರೆ ತಾಳೆ ಹಾಕೋಕೆ ನನಗೆ ಅನುಕೂಲ" ಅಂದೆ. ಬುದ್ಧಿವಂತಿಕೆ ತೋರಿಸಿದೆ ಅಂತ ಒಳಗೊಳಗೇ ಬೀಗಿದೆ. ಈ ಒಂದು ಮಾತಿಗೆ ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಎರಡನೇ ಗೆರೆ ಬಂತು. ಗಂಟಿಲ್ಲ, ಗೋಜಿಲ್ಲ, ನೋಡಿದರೆ ಕಣ್ಣಿಗೆ ತಂಪು. ಒಂದೇ ವಿಚಿತ್ರ ಎಂದರೆ, ಮೊದಲ ಗೆರೆಯ ಗಂಟು ತೆಗೆದು ನಾನು ಅಂದಾಜು ಮಾಡಿದ್ದಕ್ಕಿಂತ ಕಾಡು ಮೂರು ಎಕರೆ ಕಡಿಮೆ ಬಂತು. ಮೊದಲನೆಯದರಲ್ಲಿ ಸುತ್ತು ಇದ್ದದ್ದರಿಂದ ಅದೇ ತಪ್ಪು ಅಂತ ತೀರ್ಮಾನ ಮಾಡಿ ಅಳಿಸಿ ಬಿಸಾಕಿದೆ. ಹೊಸ ಗೆರೆಯ ಹೊರಗೆ ಉಳಿದ ಆ ಮೂಲೆ ಉಪಗ್ರಹದ ಚಿತ್ರದಲ್ಲಿ ಕಡು ಹಸಿರಾಗಿ ಕಾಣುತ್ತಿತ್ತು. ಯಾರದೋ ತೋಟ ಇರಬೇಕು ಅಂದುಕೊಂಡೆ. ಕಲ್ಲು ಹದಿನೇಳು ಕಾಣೆಯಾಗಿದೆ ಅಂತ ಬರೆದೆ. ನಮ್ಮ ಸಾಹೇಬರು ಕರಡು ನಕ್ಷೆ ನೋಡಿ "ಭೇಷ್" ಅಂದರು. ಅವರು ಭೇಷ್ ಅನ್ನುವುದೇ ಅಪರೂಪ, ಅವತ್ತು ಬಸ್ಸಿನಲ್ಲಿ ಸೀಟು ಕೂಡ ಸಿಕ್ಕಿತು.

ಹದಿನೈದು ದಿನ ಕಳೆಯಿತು. ಮುಂದಿನ ಬುಧವಾರ ಎಲ್ಲ ನಕ್ಷೆಗಳೂ ಬೆಂಗಳೂರಿಗೆ ಹೋಗಬೇಕು ಅನ್ನುವಾಗ, ಗುರುವಾರ ಮಧ್ಯಾಹ್ನ ಆ ವಾಚರಣ್ಣ ಹಾಸನಕ್ಕೇ ಬಂದುಬಿಟ್ಟರು. ಖಾಕಿ ಅಂಗಿ, ಕೈಯಲ್ಲಿ ಒಂದು ಚೀಲ ಅವರೆಕಾಯಿ. ಅವರೆಕಾಯಿಯನ್ನು ನನ್ನ ಮೇಜಿನ ಮೇಲೆ ಇಟ್ಟು, ಬಾಗಿಲ ಹತ್ತಿರವೇ ಹೋಗಿ ನಿಂತರು. ಕೂರಿ ಅಂದರೂ ಕೂರಲಿಲ್ಲ.

"ಮೇಡಮ್ಮೋರೆ, ನನ್ ಮರಗಳು ಕಾಡ್ನಾಗಿಲ್ವಂತೆ?"

"ಯಾವ ಮರ?"

ನಕ್ಷೆ ತೆರೆದೆ. ಅವರಿಗೆ ಓದಲು ಅಷ್ಟಾಗಿ ಬರುವುದಿಲ್ಲ, ಆದರೆ ಉಪಗ್ರಹದ ಚಿತ್ರ ನೋಡಿದ ಒಂದೇ ನಿಮಿಷಕ್ಕೆ ಕಾಡಿನ ಪಕ್ಕದ ನೀರಿನ ಕಟ್ಟೆ ಗುರುತು ಹಿಡಿದರು. ಕಟ್ಟೆಯಿಂದ ಬೆರಳನ್ನು ಪರದೆಯ ಮೇಲೆ ಜಾರಿಸಿಕೊಂಡು ಹೋಗಿ ಆ ಹಸಿರು ಮೂಲೆಯ ಮೇಲೆ ಇಟ್ಟರು. ಗೆರೆಯ ಹೊರಗೆ.

ಅದು ಯಾರದೂ ತೋಟವಲ್ಲ. ಮೂಲೆ ದೇವರ ಪಕ್ಕ ಇದ್ದ ಬೋಳು ಜಾಗಕ್ಕೆ ಈ ಅಣ್ಣ ತಾವೇ ಬೀಜ ಹಾಕಿ, ಬೇಸಿಗೆಯಲ್ಲಿ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ ಕಟ್ಟೆಯಿಂದ ನೀರು ಹೊತ್ತು ಬೆಳೆಸಿದ ಹೊಂಗೆ, ಹೊನ್ನೆ, ನೇರಳೆ, ಬೇವು. ಯಾವ ಯೋಜನೆಯಲ್ಲೂ ಇಲ್ಲದ್ದು, ಯಾರೂ ಹೇಳಿ ಮಾಡಿಸಿದ್ದಲ್ಲ. ಯಾಕೆ ಬೆಳೆಸಿದಿರಿ ಅಂತ ಕೇಳಿದೆ. ಏನೋ ದೊಡ್ಡ ಮಾತು ಬರುತ್ತದೆ ಅಂತ ಕಾದೆ.

"ಬಿಸ್ಲು ಕಣವ್ವಾ. ಬುತ್ತಿ ಉಣ್ಣಕ್ಕೆ ಕುಂತ್ಕಳವಾ ಅಂದ್ರೆ ಒಂದ್ ನೆಳ್ಳಿರ್ಲಿಲ್ಲ."

ಕರಡು ನಕ್ಷೆ ಅರಕಲಗೂಡಿಗೆ ಹೋದ ಮೇಲೆ ಸುದ್ದಿ ಪಕ್ಕದ ಜಮೀನಿನ ಯಜಮಾನರಿಗೆ ತಲುಪಿತ್ತು. ಅವರದು ಆ ಕಡೆ ದೊಡ್ಡ ಶುಂಠಿ ಬೆಳೆ, ಶುಂಠಿಗೆ ವರ್ಷ ವರ್ಷ ಹೊಸ ಮಣ್ಣು ಬೇಕು. ಮೂರು ಎಕರೆ ಕಾಡಿನಿಂದ ಹೊರಗೆ ಬಂದಿದೆ ಅಂದರೆ ಬಿಡುತ್ತಾರೆಯೇ? ಹಗ್ಗ ಹಿಡಿದುಕೊಂಡು ಅಳೆದೂ ಆಗಿತ್ತು, ಜಾಗಕ್ಕೆ ಅರ್ಜಿ ಬರೆಸಿಯೂ ಆಗಿತ್ತು. ಜಗಳ ಏನಿಲ್ಲ, ಬಲು ಮರ್ಯಾದೆಯಿಂದ "ಈ ಮರ ಎಲ್ಲಾ ಎಷ್ಟು ದಿನದಾಗೆ ಎತ್ತಿಸ್ತೀರಾ?" ಅಂತ ಇವರನ್ನೇ ಕೇಳಿದ್ದರಂತೆ.  ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಕೋಪ ಬರುತ್ತದೆ.

"ನೀವೇ ನಡೆದದ್ದು ಅಣ್ಣಾ! ನಿಮ್ಮ ಕಾಲೇ ಹೋಗಿರೋದು ಅದರ ಒಳಗಡೆಯಿಂದ! ನಾನೇನು ಕನಸು ಕಂಡು ಗೆರೆ ಎಳೆದ್ನಾ?"

"ನೀವು ಯೋಳ್ದಂಗೇ ನಡೆದ್ನಲ್ಲವ್ವಾ" ಅಂದರು.

ಸಾಹೇಬರ ಹತ್ತಿರ ಹೋಗಿ ಎರಡು ಗೆರೆಯ ಕಥೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. "ಒಂದೇ ಮನುಷ್ಯ, ಒಂದೇ ಕಾಡು, ಎರಡು ಗಡಿ. ಯಾವುದು ಸರಿ ಅಂತ ನಾನು ಹೇಗಮ್ಮಾ ಹೇಳಲಿ? ಅಲ್ಲಿ ಮರ ಚೆನ್ನಾಗಿವೆ ಅಂತ ಗಡಿ ಬದಲಾಯಿಸೋಕಾಗುತ್ತಾ? ಹಳೇ ನಕ್ಷೆ ನೋಡಿದೆಯಾ?" ನೋಡಿದ್ದೆ. ಹಳೆಯ ಬಟ್ಟೆ ನಕ್ಷೆ ಸರಿಯಾಗಿ ಆ ಮೂಲೆಯಲ್ಲೇ ಮಡಿಕೆ ಬಿದ್ದು ಸವೆದುಹೋಗಿತ್ತು. ಹದಿನೇಳು ಅನ್ನುವ ಅಂಕಿ ಮಸುಕಾಗಿ ಕಾಣುತ್ತದೆ, ಗೆರೆ ಕಾಣುವುದಿಲ್ಲ. "ಹಾಗಾದರೆ ಕಲ್ಲು ತೋರಿಸು. ಬುಧವಾರದೊಳಗೆ ಹದಿನೇಳನೇ ಕಲ್ಲಿನ ಫೋಟೋ, ನಂಬರ್ ಸಮೇತ. ಇಲ್ಲದಿದ್ದರೆ ಈಗ ಇರೋ ಗೆರೆ ಹಾಗೇ ಹೋಗುತ್ತೆ" ಅಂದರು.

ಶುಕ್ರವಾರ ಬೆಳಿಗ್ಗೆ ಗೊರೂರಿನ ಮೇಲೆ ಹೋಗುವ ಬಸ್ಸು ಹಿಡಿದು ಅರಕಲಗೂಡಿಗೆ ಹೋದೆ, ಅಲ್ಲಿಂದ ಅಣ್ಣನ ಹಿಂದೆ ಗಾಡಿಯಲ್ಲಿ. ಹೋಗುವ ಮೊದಲು ಹಳೆಯ ನಕ್ಷೆಯ ಆ ಮಸುಕಾದ ಅಂಕಿಯ ಜಾಗವನ್ನು ಅಂದಾಜಿನ ಮೇಲೆ ಜಿಪಿಎಸ್ಸಿಗೆ ತುಂಬಿದ್ದೆ. ಜಾಗದ ಹತ್ತಿರ ಬಂದರೆ ಅದು ಕೂಗುತ್ತದೆ.

ಮೊದಲು ಹದಿನೆಂಟನೇ ಕಲ್ಲಿಗೆ ಹೋದೆವು. ಮೊಣಕಾಲೆತ್ತರದ ಕಲ್ಲು, ಪಡುವಣ ಮುಖಕ್ಕೆ ಇಂಗ್ಲಿಷ್ ಅಂಕಿಯಲ್ಲಿ ಹದಿನೆಂಟು ಕೆತ್ತಿದೆ. "ಇಲ್ಲಿಂದ ಹದಿನಾರಕ್ಕೆ ಹೇಗೆ ಹೋದ್ರಿ ತೋರಿಸಿ. ಆವತ್ತು ಹೇಗೆ ನಡೆದ್ರೋ ಹಾಗೇ" ಅಂದೆ. ಅಣ್ಣ ನಡೆದರು, ನಾನು ಹಿಂದೆ. ಕಾಡು ನಮ್ಮ ಎಡಕ್ಕೆ, ಶುಂಠಿ ಹೊಲ ಬಲಕ್ಕೆ. ಸ್ವಲ್ಪ ದೂರ ಹೋದ ಮೇಲೆ ಮುಂದೆ ಅವರ ಮರಗಳು ಕಂಡವು. ದಪ್ಪ ನೆರಳು, ಅದರ ಹೊರ ಅಂಚಿನಲ್ಲಿ ಒಂದು ತಗಡಿನ ಮಾಡು. ಅಣ್ಣ ಅಲ್ಲಿಗೆ ಬರುತ್ತಲೇ ಬೂಟು ಬಿಚ್ಚಿದರು. ಬೆಲ್ಟು ಬಿಚ್ಚಿದರು, ಚರ್ಮ ಹಾಕಿಕೊಂಡು ದೇವರ ಹತ್ತಿರ ಹೋಗಬಾರದು ಅಂತ. ಪ್ಯಾಂಟು ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡರು. ಮರಗಳ ಆಚೆ ಬದಿಯಲ್ಲಿ ಗಡಿಯ ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಅದನ್ನು ಬಿಟ್ಟು ಎಡಕ್ಕೆ ತಿರುಗಿ, ಇಡೀ ತೋಪನ್ನು ಬಲಕ್ಕೆ ಬಿಟ್ಟು, ಕಾಡಿನ ಒಳಗಿನಿಂದ ಬಳಸಿಕೊಂಡು ಹೊರಟರು.

"ಅಣ್ಣಾ! ಅಲ್ಲಿ ದಾರಿ ಇದೆಯಲ್ಲ, ಒಳಗೆ ಯಾಕೆ ಹೋಗ್ತಿದೀರಾ?"

"ಆ ಕಡೆ ಓದ್ರೆ ದೇವ್ರು ಎಡುಕ್ ಬತ್ತದಲ್ಲಾ!" ನನ್ನನ್ನು ಏನೂ ತಿಳಿಯದ ಮಗುವಿನ ಹಾಗೆ ನೋಡಿದರು. "ದೇವ್ರನ್ನ ಯಾರಾದ್ರೂ ಎಡುಕ್ ಬುಡ್ತಾರಾ?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೊದಲ ಸಲ ಅವರು ಕಾಡನ್ನು ಬಲಕ್ಕಿಟ್ಟುಕೊಂಡು ನಡೆದಿದ್ದರು. ಆಗ ದೇವರು ಬಲಕ್ಕೆ ಬರಬೇಕಾದರೆ ತೋಪಿನ ಹೊರಗಿನಿಂದ ಹೋಗಬೇಕು, ಹೋದರು, ತೋಪು ಕಾಡಿನೊಳಗೆ ಬಂತು. ಎರಡನೇ ಸಲ ಈ ಬುದ್ಧಿವಂತೆ ಉಲ್ಟಾ ನಡೆಸಿದಳು. ಆಗ ದೇವರು ಬಲಕ್ಕೆ ಬರಬೇಕಾದರೆ ತೋಪಿನ ಒಳಬದಿಯಿಂದ, ಕಾಡಿನೊಳಗೆ ಬಳಸಿಕೊಂಡು ಹೋಗಬೇಕು, ಪಾಪ, ಹೋದರು, ತೋಪು ಹೊರಗೆ ಬಿತ್ತು. ಮೂರು ಎಕರೆ ಮರ ಶುಂಠಿಯವರ ಪಾಲಾಗಲು ಕಾರಣ ಒಬ್ಬ ಮನುಷ್ಯನ ಭಕ್ತಿ ಮತ್ತು ನನ್ನ ಒಂದು ಫೋನು. ಇಷ್ಟು ದಿನ ನಾನು ಎಷ್ಟು ಜನರ ದೇವರನ್ನು ಎಡಬಲ ಮಾಡಿ ನಕ್ಷೆ ಬರೆದಿದ್ದೇನೋ!

"ಕಲ್ಲು ಹುಡುಕಲೇಬೇಕು ಅಣ್ಣಾ" ಅಂತ ಎದ್ದೆ. ಚಪ್ಪಲಿ ಬಿಟ್ಟು, ಜಿಪಿಎಸ್ ಹಿಡಿದು, ಅದು ತೋರಿಸಿದ ಕಡೆ ನಡೆದೆ. ಮೂವತ್ತು ಮೀಟರ್. ಹದಿನೈದು. ಐದು. ಹಳೆಯ ಎಲೆಗಳನ್ನು ಕಾಲಿನಿಂದ ಸರಿಸುತ್ತ, ಪೊದೆ ಬಗ್ಗಿಸಿ ನೋಡುತ್ತ ಹೋದೆ. ತಗಡಿನ ಮಾಡಿನ ಮುಂದೆ ಬಂದಾಗ ಜಿಪಿಎಸ್ ಕುಯ್ಯೋ ಅಂತ ಕೂಗಿತು.

"ಇಲ್ಲೇ ಎಲ್ಲೋ ಇರಬೇಕು."

"ಇಲ್ಲೆಲ್ಲವ್ವಾ ಕಲ್ಲು? ಇಲ್ಲಿರೋನು ನಮ್ಮಪ್ಪ ಒಬ್ನೇಯ."

ನಾನು ತಲೆ ಎತ್ತಿದೆ. ಮೂರು ಕಡೆ ಇಟ್ಟಿಗೆ ಗೋಡೆ, ಮೇಲೆ ತಗಡು. ಒಳಗೆ ಮೊಣಕಾಲೆತ್ತರದ ಒಂದು ಮೂರ್ತಿ. ಎಣ್ಣೆ ಕುಡಿದು ಕುಡಿದು ಕಪ್ಪಗೆ ಮಿರಮಿರ ಅನ್ನುತ್ತಿದೆ. ಹಣೆಗೆ ಕುಂಕುಮ, ಎರಡು ಬೆಳ್ಳಿ ಕಣ್ಣು, ಕೊರಳಿಗೆ ಕಣಗಿಲೆ ಹಾರ. ನಾನು ಮೂರ್ತಿಯನ್ನು ನೋಡಿದೆ. ಜಿಪಿಎಸ್ ನೋಡಿದೆ. ಹದಿನೆಂಟನೇ ಕಲ್ಲಿನ ಅಗಲ, ಎತ್ತರ, ಚಪ್ಪಟೆ ತಲೆ ನೆನಪಿಗೆ ಬಂತು.

"ಅಣ್ಣಾ, ಈ ದೇವರು ಇಲ್ಲಿಗೆ ಯಾವಾಗ ಬಂದದ್ದು?"

"ಉದ್ಭವ ಕಣವ್ವಾ! ನಮ್ಮಜ್ಜ ಯೋಳ್ತಿದ್ದ. ಇಂದ್ಲ ದಿನ ಇಲ್ಲಿ ಏನೂ ಇರ್ಲಿಲ್ವಂತೆ, ಮಾರ್ನೆ ದಿನ ದನ ಒಡ್ಕೊಂಡು ಬಂದು ನೋಡ್ತಾನೆ, ಸ್ವಾಮಿ ಎದ್ದು ನಿಂತ್ಬುಟ್ಟವ್ನೆ!"

ಅದರ ಹಿಂದಿನ ದಿನ ಸರ್ವೆಯವರು ಗಾಡಿಯಲ್ಲಿ ಕಲ್ಲು ಹೇರಿಕೊಂಡು ಬಂದಿದ್ದರೇ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಆದರೆ ನನ್ನ ಮುಖ ಸುಮ್ಮನಿರುವ ಮುಖವಲ್ಲ. ಅಣ್ಣ ನನ್ನ ಮುಖ ನೋಡಿದರು, ಜಿಪಿಎಸ್ ನೋಡಿದರು, ದೇವರನ್ನು ನೋಡಿದರು. ಅರ್ಥವಾಯಿತು. 

"ಏನವ್ವಾ ನೀವನ್ನಾದು? ನಮ್ ದೇವ್ರನ್ನ ಫಾರೆಸ್ಟ್ ಕಲ್ಲು ಅಂತೀರಾ? ಓದ್ದೋರು ಅಂತ ಬಾಯಿಗೆ ಬಂದಂಗೆ ಮಾತಾಡಬಾರ್ದು!"

"ನಾನಿನ್ನೂ ಬಾಯೇ ಬಿಟ್ಟಿಲ್ಲ ಅಣ್ಣಾ."

"ಬುಟ್ಟಿಲ್ಲ, ಆದ್ರೂ ಅಂದ್ಬುಟ್ರಿ!"

ಹೋಗಿ ಒಂದು ಹೊಂಗೆ ಮರಕ್ಕೆ ಒರಗಿ, ನನಗೆ ಬೆನ್ನು ಮಾಡಿ ಕೂತರು. ನಾನೂ ಅಲ್ಲೇ ಕೂತೆ.  ಕಲ್ಲು ಸಿಕ್ಕರೆ ಮರ ಉಳಿಯುತ್ತದೆ, ದೇವರು ಹೋಗುತ್ತಾನೆ. ಕಲ್ಲು ಸಿಗದಿದ್ದರೆ ದೇವರು ಉಳಿಯುತ್ತಾನೆ, ಅವನ ಸುತ್ತ ಶುಂಠಿ ಮಡಿ ಏಳುತ್ತದೆ. ಇದನ್ನು ಒಬ್ಬ ಮನುಷ್ಯನ ಮುಂದೆ ತಂದಿಟ್ಟವಳು ನಾನು, ನನಗೇ ನನ್ನ ಮೇಲೆ ಅಸಹ್ಯವಾಯಿತು. ಅಣ್ಣ ಬಹಳ ಹೊತ್ತು ಮೇಲೆ ಎಲೆಗಳನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಬೆಲ್ಟು ಹಾಕಿಕೊಂಡರು.

"ಸ್ವಾಮಾರ ಅಭಿಸೇಕ ಮಡೀಕತೀನಿ. ಸೀಗೇಪುಡಿ ಆಕಿ ಚೆಂದಾಗಿ ತೊಳೀತೀನಿ. ನೀವೂ ಬನ್ನಿ, ನೋಡ್ಕಳಿ. ಏನಾರ ಇದ್ರೆ ಅವ್ನೇ ತೋರಿಸ್ಲಿ. ಇಲ್ದಿದ್ರೆ ನೀವು ನಮ್ಮಪ್ಪನ್ಗೆ ತಪ್ಪುಗಾಣಿಕೆ ಆಕ್ಬೇಕು."

ಒಪ್ಪಿಕೊಂಡೆ.

ಸೋಮವಾರ ಹೋದರೆ ಅಲ್ಲಿ ಇನ್ನೊಬ್ಬರು ಬಂದು ನಿಂತಿದ್ದರು. ಎತ್ತಿ ಕಟ್ಟಿದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಪಕ್ಕದಲ್ಲಿ ಹಾಲಿನ ಕ್ಯಾನು. ಶುಂಠಿಯ ಯಜಮಾನರು! ಮೂಲೆ ದೇವರು ಅವರಿಗೂ ದೇವರೇ, ಅಭಿಷೇಕ ಅಂತ ಕಿವಿಗೆ ಬಿದ್ದ ಕೂಡಲೇ ಮನೆ ಹಸುಗಳ ಬೆಳಗಿನ ಹಾಲೆಲ್ಲ ಹೊತ್ತು ತಂದಿದ್ದರು. ನನ್ನನ್ನು ನೋಡಿ ಕೈ ಮುಗಿದರು. "ನಕ್ಸೆ ಬರ್ದೋರು ನೀವೇನವ್ವಾ? ಬಲು ಅಚ್ಚುಕಟ್ಟಾಗಿ ಬರ್ದಿದ್ದೀರಿ." ನಾನು ನೆಲ ನೋಡಿದೆ.

ಅಣ್ಣ ಬೆಳ್ಳಿ ಕಣ್ಣು ತೆಗೆದು ಎಲೆಯ ಮೇಲೆ ಇಟ್ಟರು. ನೀರು ಹೊಯ್ದರು, ಸೀಗೆಪುಡಿ ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದರು. ಒಂದು ಪದರ ಎಣ್ಣೆ ಹೋಯಿತು, ಅದರ ಕೆಳಗೆ ಇನ್ನೊಂದು ಪದರ. ಯಜಮಾನರು ಭಕ್ತಿಯಿಂದ ಹಾಲು ಹೊಯ್ಯುತ್ತ "ಇನ್ನೂ ತಿಕ್ಕು, ಇನ್ನೂ ತಿಕ್ಕು, ಇಲ್ಲಿ ನೋಡು ಜಿಡ್ಡು ಉಳ್ಕಂಡದೆ" ಅಂತ ಹುರಿದುಂಬಿಸಿದರು. ಅರ್ಧ ಗಂಟೆಯಾದ ಮೇಲೆ ಕಪ್ಪು ಹೋಗಿ ಬೂದು ಬಣ್ಣದ ಕಲ್ಲು ಬಂತು. ನುಣ್ಣನೆಯ ಮುಖ. ಎಡಗಡೆ ಇಲ್ಲ, ಬಲಗಡೆ ಇಲ್ಲ, ತಲೆಯ ಮೇಲೂ ಇಲ್ಲ. ಎಲ್ಲೂ ಒಂದು ಗೀರಿಲ್ಲ.

ಅಣ್ಣ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಗೆದ್ದ ಸಂತೋಷ ಬಂತು, ಬಂದು ಒಂದು ಕ್ಷಣವೂ ನಿಲ್ಲಲಿಲ್ಲ. ಕಣ್ಣು ಮರಗಳ ಮೇಲೆ ಹೋಯಿತು. "ನೋಡಿದ್ರಾ, ನಾನು ಯೋಳ್ನಿಲ್ವಾ, ಉದ್ಭವ" ಅಂದರು. ಅಂದು, ನಾರು ಕೆಳಗಿಟ್ಟು, ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಅಳು ಬಂದರೂ ನನಗೆ ಕೋಪವೇ ಬರುತ್ತದೆ. ಇಪ್ಪತ್ತೆರಡು ಕಲ್ಲಿಗೆ ನಂಬರು ಕೆತ್ತಿದವನಿಗೆ ಇದೊಂದಕ್ಕೆ ಕೆತ್ತಲು ಏನು ರೋಗ ಅಂತ ಬೈದುಕೊಂಡೆ. ಬೈಯುತ್ತ ಬೈಯುತ್ತ ಥಟ್ಟನೆ ಹೊಳೆಯಿತು.

"ಅಣ್ಣಾ, ಹದಿನೆಂಟನೇ ಕಲ್ಲಿನ ನಂಬರು ಯಾವ ಕಡೆಗಿದೆ?"

"ಪಡ್ವಾಣಕ್ಕೆ."

"ಹದಿನಾರರದು?"

"ಅದೂ ಪಡ್ವಾಣಕ್ಕೆ. ಎಲ್ಲಾ ಪಡ್ವಾಣಕ್ಕೇಯ."

"ನಿಮ್ಮ ದೇವರು ಯಾವ ಕಡೆ ಮುಖ ಮಾಡಿದಾನೆ?"

ಅಣ್ಣ ಮೂರ್ತಿಯ ಕಡೆ ತಿರುಗಿದರು. ದೇವರು ಪೂರ್ವಕ್ಕೆ ಮುಖ ಮಾಡಿದ್ದ. ಅಜ್ಜನ ಕಾಲದವರು ಕಲ್ಲಿನ ನುಣ್ಣನೆಯ ಕಡೆ ನೋಡಿ ಮುಖ ಅಂತ ಆರಿಸಿಕೊಂಡಿದ್ದರು, ಬೆನ್ನಿಗೆ ಗೋಡೆ ಕಟ್ಟಿದ್ದರು. ಗೋಡೆಗೂ ಬೆನ್ನಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ಅಣ್ಣ "ತಪ್ಪಾಯ್ತು ಸ್ವಾಮಿ" ಅಂತ ಕೆನ್ನೆ ಬಡಿದುಕೊಂಡು, ದೇವರನ್ನು ತಬ್ಬಿದ ಹಾಗೆ ಕೂತು, ಕೈಯನ್ನು ಹಿಂದೆ ತೂರಿಸಿದರು. ಯಜಮಾನರಿಗೆ ಏನು ನಡೆಯುತ್ತಿದೆ ಅಂತ ಇನ್ನೂ ತಿಳಿದಿರಲಿಲ್ಲ. "ಅಲ್ಲೂ ಚೆಂದಾಗಿ ತಿಕ್ಕಲಾ" ಅಂದರು.

ಅಣ್ಣನ ಕೈ ನಿಂತಿತು. ಕಣ್ಣು ಮುಚ್ಚಿಕೊಂಡರು.

"ಉದ್ದುಕ್ಕೆ ಒಂದು ಗೀರದೆ" ಅಂದರು ಮೆಲ್ಲಗೆ. "ಪಕ್ಕದಾಗೆ ಇನ್ನೊಂದು. ಅದುರ್ ತಲೆ ಕುಡುಗ್ಲು ಬಗ್ದಂಗೆ ಬಗ್ಗದೆ."

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಫೋನಿನ ಲೈಟು ಹಾಕಿ, ಅವರ ಕೈಗೆ ಕೊಟ್ಟು, ಆ ಸಂದಿಯಲ್ಲಿ ಇಳಿಸಿ ಫೋಟೋ ತೆಗೆಸಿದೆ. ಮೊದಲನೆಯದರಲ್ಲಿ ಜೇಡ ಬಂತು. ಎರಡನೆಯದರಲ್ಲಿ ಅಣ್ಣನ ಹೆಬ್ಬೆರಳು. ಮೂರನೆಯದರಲ್ಲಿ ದೇವರ ಬೆನ್ನ ಮೇಲೆ, ಒಂದು ಚೂರೂ ಸವೆಯದೆ, ಹದಿನೇಳು.

ಯಜಮಾನರಿಗೆ ಫೋಟೋ ತೋರಿಸಿ ಎಲ್ಲ ಹೇಳಿದೆವು. ಅವರು ಖಾಲಿ ಕ್ಯಾನಿನ ಒಳಗೆ ಒಮ್ಮೆ ಇಣುಕಿ ನೋಡಿದರು. "ಅಲ್ಲ ಕಣವ್ವಾ, ನಾನು ತಂದ ಆಲ್ನಾಗೇ ನನ್ ಮೂರೆಕ್ರೆ ತೊಳ್ಕೊಂಡೋಯ್ತಲ್ಲಾ!" ಅಂದರು. ಆಮೇಲೆ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವರಿಗೆ ಕೈ ಮುಗಿದು, "ಸರ್ಕಾರಿ ಜಾಗ, ಸರ್ಕಾರಿ ದೇವ್ರು, ನಾನ್ಯಾಕೆ ಬಾಯಾಕ್ಲಿ" ಅಂತ ಕ್ಯಾನು ಎತ್ತಿಕೊಂಡು ಹೊಲಕ್ಕೆ ಇಳಿದರು. ಹೋಗುವಾಗಲೂ ದೇವರನ್ನು ಬಲಕ್ಕಿಟ್ಟುಕೊಂಡೇ ಹೋದರು.

ನಾನು ಅಲ್ಲೇ ಕೂತು ಫೋನಿನಲ್ಲಿ ಫಾರಂ ತುಂಬಿದೆ. ಕಲ್ಲು ಸಂಖ್ಯೆ: ಹದಿನೇಳು. ಸ್ಥಿತಿ ಅನ್ನುವಲ್ಲಿ ಮೂರು ಆಯ್ಕೆ ಇರುತ್ತವೆ, ಸರಿಯಿದೆ, ಬಿದ್ದಿದೆ, ಕಾಣೆಯಾಗಿದೆ. ಸರಿಯಿದೆ ಅಂತ ಒತ್ತಿದೆ. ಮೂರು ಎಕರೆ ಮರ ಒಳಗೆ ಬಂದವು. ಅಣ್ಣನಿಗೆ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಅವರ ಕಣ್ಣು ಮಾತ್ರ ಆ ಬೂದು ಕಲ್ಲಿನ ಮೇಲೆಯೇ ಇತ್ತು. ಎಣ್ಣೆ ಇಲ್ಲದೆ, ಕಣ್ಣಿಲ್ಲದೆ ಅದು ಹದಿನೆಂಟನೇ ಕಲ್ಲಿನ ತಮ್ಮನ ಹಾಗೆ ಕಾಣುತ್ತಿತ್ತು.  ಬೇಜಾರಾಯ್ತಾ ಅಣ್ಣಾ ಅಂತ ಕೇಳಿದೆ.

"ನನ್ ಮಗ್ಳು ಬಾಣಂತನ, ನನ್ ಎಂಡ್ರು ಆಪ್ರೇಸನ್ನು, ಎಲ್ಲಾನೂವೆ ಇವನ್ ತಾವ್ಲೇ ಯೋಳ್ಕಂಡಿವ್ನಿ" ಅಂದರು. "ಎಲ್ಲಾ ನಡೆಸ್ಕೊಟ್ಟವ್ನೆ. ನಮ್ ಡಿಪಾರ್ಟ್‌ಮೆಂಟ್ನೋನೇ ಅಂತ ಮೊದ್ಲೇ ಗೊತ್ತಾಗಿದ್ರೆ, ನನ್ನೂ ಪರ್ಮನೆಂಟ್ ಮಾಡ್ಸಪ್ಪಾ ಅಂತ ಒಂದ್ಮಾತು ಕೇಳ್ಬೋದಾಗಿತ್ತು."

ನಾನು ಜೋರಾಗಿ ನಕ್ಕುಬಿಟ್ಟೆ. ಅವರು ನಗಲಿಲ್ಲ ಅಂತ ಗೊತ್ತಾದ ಮೇಲೆ ನಿಲ್ಲಿಸಿದೆ. ಅಣ್ಣ ಎಲೆಯ ಮೇಲಿದ್ದ ಬೆಳ್ಳಿ ಕಣ್ಣುಗಳನ್ನು ತೋಳಿನಿಂದ ಒರೆಸಿ, ಒಂದೊಂದಾಗಿ ಕಲ್ಲಿಗೆ ಅಂಟಿಸಿದರು. ಹಣೆಗೆ ಕುಂಕುಮ ಇಟ್ಟರು, ಹಾರ ಹಾಕಿದರು. ಎರಡು ಹೆಜ್ಜೆ ಹಿಂದೆ ಬಂದು ಸರಿಯಾಗಿದೆಯೇ ಅಂತ ನೋಡಿದರು.

"ಕೇಳಿದ್ರೂ ಇವನ್ ಕೈಲಿ ಆಯ್ತಿರ್ಲಿಲ್ಲ ಬುಡಿ" ಅಂದರು. "ಇಷ್ಟ್ ವರ್ಸ ಮಳೆ ಬಿಸ್ಲು ಅನ್ದೆ ಇಲ್ಲೇ ನಿಂತವ್ನೆ, ಒಬ್ಬ ಸಾಯೇಬ್ನೂ ಬಂದು ಕೇಳ್ಲಿಲ್ಲ. ಇವ್ನೂ ನನ್ನಂಗೆ ದಿನಗೂಲಿನೇ ಇರ್ಬೇಕು."